ಅಮ್ಮ ಜಾರಲ್ಲ, ಸುಮ್ನೆ ನೋಡ್ತಾರೆ

ಆ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಆಕ್ಲೆಂಡಿನ ಹೆಂಡರ್ಸನ್ ಬಡಾವಣೆಯಲ್ಲಿ ಗೀತಾ ಅವರ ಮನೆಯ ಮುಂದೆ ಟೂರ್ ಗೈಡ್ ಜಯಂತ ವ್ಯಾನು ನಿಲ್ಲಿಸಿ ಕೆಳಗಿಳಿದಾಗ, ಎಲ್ಲರಿಗಿಂತ ಮೊದಲು ಸಿದ್ಧವಾಗಿ ನಿಂತಿದ್ದವರು ಒಬ್ಬ ಅಜ್ಜಿ. ಹತ್ತಿಯ ಸೀರೆ, ಕಾಲಿಗೆ ಮಗಳ ಓಟದ ಶೂ, ತಲೆಗೆ ಅಳಿಯನ ಕ್ರಿಕೆಟ್ ಟೋಪಿ. ಹೆಸರು ಇಂದಿರಮ್ಮ, ಗೀತಾ ಅವರ ತಾಯಿ, ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದವರು. ಜಯಂತನ ಕೈಯಲ್ಲಿದ್ದ ಪಟ್ಟಿಯಲ್ಲಿ ಆ ಹೆಸರು ಇರಲಿಲ್ಲ.

ಬುಕ್ಕಿಂಗ್ ಹನ್ನೊಂದು ಜನರದು. ಮೂರು ಮನೆಯವರು ಸೇರಿ ಮರಳು ದಿಬ್ಬದಲ್ಲಿ ಹಲಗೆ ಮೇಲೆ ಜಾರುವ ಒಂದು ದಿನದ ಟೂರಿಗೆ ಇಡೀ ವ್ಯಾನು ಹಿಡಿದಿದ್ದರು. ವ್ಯಾನಿನಲ್ಲಿ ಡ್ರೈವರನ್ನು ಬಿಟ್ಟರೆ ಇರುವುದೂ ಹನ್ನೊಂದೇ ಸೀಟು. ಜಯಂತ ಎಣಿಸಿದ. ಹನ್ನೆರಡು. ಮತ್ತೊಮ್ಮೆ ಎಣಿಸಿದ. ಎರಡನೇ ಸಲ ಎಣಿಸಿದರೆ ಜನ ಕಮ್ಮಿಯಾಗುತ್ತಾರೆಯೇ, ಪಾಪ!

"ಗೀತಾ ಮೇಡಂ, ಒಬ್ರು ಜಾಸ್ತಿ ಇದಾರಲ್ಲ?"

"ಯಾರು? ಓ, ಅಮ್ಮನಾ? ಅಮ್ಮ ಜಾರಲ್ಲ ಜಯಂತ್, ಸುಮ್ನೆ ನೋಡ್ತಾರೆ. ಅದಕ್ಕೇ ಬುಕ್ ಮಾಡ್ಲಿಲ್ಲ," ಎಂದರು ಗೀತಾ.

ಕೇಳಿದಿರಾ ಮಾತನ್ನ! ಆಸ್ಪತ್ರೆಯೊಂದರಲ್ಲಿ ಹತ್ತು ವರ್ಷದಿಂದ ನರ್ಸ್ ಆಗಿರುವ ಹೆಂಗಸು, ಔಷಧಿ ಒಂದು ಹನಿ ಹೆಚ್ಚು ಕಮ್ಮಿ ಮಾಡದವರು. ಆದರೆ ಜಾರದವರಿಗೆ ಕೂರಲು ಜಾಗ ಬೇಕೆಂಬುದು ಮಾತ್ರ ಅವರಿಗೆ ಹೊಳೆದಿರಲಿಲ್ಲ. ನಮ್ಮವರೇ ಹಾಗೆ. ಮೂರು ಜನರ ರೈಲಿನ ಸೀಟಿನಲ್ಲಿ ನಾಲ್ಕನೆಯವರಿಗೆ ಸರಿದು ಜಾಗ ಕೊಟ್ಟು ಬೆಳೆದವರು. ಸರಿಯುವುದಕ್ಕೆ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸೀಟಿನ ಕೊರತೆ ಅಂತ ಅನಿಸುವುದಿಲ್ಲ, ಮನಸ್ಸಿನ ಕೊರತೆ ಅನಿಸುತ್ತದೆ.

ಜಯಂತನಿಗೆ ಮನಸ್ಸಿಲ್ಲದೆ ಅಲ್ಲ. ಅವನ ವೀಸಾ ಮುಗಿಯಲು ಉಳಿದಿದ್ದು ಮೂವತ್ತಾರು ದಿನ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆಂದು ಮೈಸೂರಿನಿಂದ ಹೆಂಡತಿ ಸ್ಮೃತಿ ಮತ್ತು ಮೂರು ವರ್ಷದ ಮಗಳು ಪೂರ್ವಿಯ ಜೊತೆ ಆಕ್ಲೆಂಡಿಗೆ ಬಂದವನು. ಎರಡು ವರ್ಷಕ್ಕೆ ಆ ಕೆಲಸ ಕೈಕೊಟ್ಟಿತು. ಅಲ್ಲಿ ಇಲ್ಲಿ ಅಲೆದು, ನೂರಾರು ಅರ್ಜಿ ಹಾಕಿ, ಕೊನೆಗೆ ಸಿಕ್ಕಿದ್ದು ಗ್ರೆಗ್ ಎಂಬಾತನ ಈ ಸಣ್ಣ ಟೂರ್ ಕಂಪನಿ. ಗ್ರೆಗ್ ಹೊಸ ವೀಸಾದ ಕಾಗದಕ್ಕೆ ಸಹಿ ಹಾಕಿದರೆ ಇನ್ನೂ ಮೂರು ವರ್ಷ ಇಲ್ಲಿರಬಹುದು. ಹಾಕದಿದ್ದರೆ ಪೆಟ್ಟಿಗೆ ಕಟ್ಟಬೇಕು. ಸೋಮವಾರ ಬೆಳಿಗ್ಗೆ ಬಾ, ಸಹಿ ಹಾಕುತ್ತೇನೆ ಎಂದಿದ್ದ ಗ್ರೆಗ್.

ಗ್ರೆಗ್‌ಗೆ ಇದ್ದದ್ದು ಒಂದೇ ಹಟ. ಪಟ್ಟಿಯಲ್ಲಿರುವಷ್ಟು ತಲೆ, ತಲೆಗೊಂದು ಸೀಟು, ಸೀಟಿಗೊಂದು ಬೆಲ್ಟು, ಏನಾದರೂ ಆದರೆ ಹೊಣೆ ತಮ್ಮದೇ ಎಂದು ಒಬ್ಬೊಬ್ಬರದೂ ಸಹಿ. ಹೋದ ವರ್ಷ ಇನ್ನೊಬ್ಬ ಡ್ರೈವರ್ ಒಬ್ಬರನ್ನು ಹೆಚ್ಚಿಗೆ ತುಂಬಿಕೊಂಡು ಸಿಕ್ಕಿಬಿದ್ದು ಕಂಪನಿಯ ಲೈಸೆನ್ಸಿಗೇ ಕುತ್ತು ತಂದಿದ್ದ. ಇನ್ನೊಮ್ಮೆ ಹಾಗಾದರೆ ಬಾಗಿಲು ಮುಚ್ಚಬೇಕಾಗುತ್ತದೆ, ಯಾರು ಮಾಡಿದರೂ ಅವತ್ತೇ ಮನೆಗೆ ಕಳಿಸುತ್ತೇನೆ ಎಂದು ಅವನು ಎಲ್ಲರನ್ನೂ ಕೂರಿಸಿ ಹೇಳಿದ್ದ. ಜಯಂತ ಮುಂದಿನ ಸಾಲಿನಲ್ಲೇ ಕೂತು ಕೇಳಿಸಿಕೊಂಡಿದ್ದ.

"ಸಾರ್, ನಿಮ್ಮ ಕಾರಿದೆಯಲ್ಲ, ಒಬ್ರು ಅದ್ರಲ್ಲಿ ಹಿಂದೆ ಬನ್ನಿ. ಅರ್ಧ ಗಂಟೆ ದಾರಿ ಅಷ್ಟೆ," ಎಂದ ಜಯಂತ, ಗೀತಾ ಅವರ ಗಂಡ ವೆಂಕಟೇಶರಿಗೆ.

ವೆಂಕಟೇಶರ ಕಾರು ಅಲ್ಲೇ ಗೇಟಿನ ಒಳಗೆ ತೊಳೆದು ಒರೆಸಿಕೊಂಡು ನಿಂತಿತ್ತು. ಅವರು ಕಾರನ್ನೊಮ್ಮೆ, ಜಯಂತನನ್ನೊಮ್ಮೆ ನೋಡಿದರು.

"ಅಲ್ಲಾರೀ, ಎಲ್ರೂ ಒಟ್ಟಿಗೆ ಹೋಗೋಣ ಅಂತ ತಾನೆ ವ್ಯಾನ್ ಮಾಡಿದ್ದು? ಮಾನ್ಯ ಅಜ್ಜಿ ತೊಡೆ ಮೇಲೆ ಕೂತ್ಕೋತಾಳೆ. ಐದು ವರ್ಷದ ಮಗು, ಏನ್ ಮಹಾ ಭಾರ? ಸ್ವಲ್ಪ ಅಡ್ಜಸ್ಟ್ ಮಾಡಿ. ನಾವೇನ್ ಬೇರೆಯವ್ರಾ?"

"ಹಾಗಲ್ಲ ಸಾರ್, ರೂಲ್ಸ್..."

"ಬಿಡ್ರೋ, ನನ್ನಿಂದ ಯಾಕೆ ರಗಳೆ," ಎಂದರು ಇಂದಿರಮ್ಮ. "ನಾನು ಮನೇಲೇ ಇರ್ತೀನಿ. ಅನ್ನ ಗಿನ್ನ ಮಾಡಿಡ್ತೀನಿ, ನೀವು ಹೋಗಿ ಬನ್ನಿ." ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಟೋಪಿ ತೆಗೆದು ಅಳಿಯನ ಕೈಗೆ ಕೊಟ್ಟು, ಬಾಗಿಲ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚತೊಡಗಿದರು. ಬಗ್ಗಲಾಗದೆ ಲೇಸಿನ ಗಂಟು ಕೈಗೆ ಎಟುಕುತ್ತಿರಲಿಲ್ಲ.

ಹನ್ನೊಂದು ಜನ ಜಯಂತನನ್ನೇ ನೋಡುತ್ತಿದ್ದರು. ಆ ಕ್ಷಣ ಅವನು ಕಣ್ಣು ಮುಚ್ಚಿಕೊಂಡು ಆಗಲ್ಲ ಎಂದುಬಿಟ್ಟಿದ್ದರೆ ಸಾಕಿತ್ತು. ಅನ್ನಲಿಲ್ಲ. ಹೋಗಿ ಅಜ್ಜಿಯ ಮುಂದೆ ಮಂಡಿಯೂರಿ, ಲೇಸನ್ನು ಇನ್ನಷ್ಟು ಬಿಗಿದು ಕಟ್ಟಿದ.

"ಬನ್ನಿ ಅಮ್ಮ, ಹತ್ತಿ," ಎಂದ. ಆಮೇಲೆ ವೆಂಕಟೇಶರ ಕಡೆ ತಿರುಗಿ ದನಿ ತಗ್ಗಿಸಿ, "ಸಾರ್, ದಯವಿಟ್ಟು ಆಫೀಸಿಗೆ ಗೊತ್ತಾಗೋದು ಬೇಡ," ಎಂದ.

"ಛೇ ಛೇ, ನಾವ್ಯಾಕ್ರೀ ನಿಮ್ಮ ಮೇಲೆ ಕಂಪ್ಲೇಂಟ್ ಮಾಡ್ತೀವಿ?" ಎಂದು ವೆಂಕಟೇಶ್ ಅವನ ಬೆನ್ನು ತಟ್ಟಿದರು.

ಪಶ್ಚಿಮ ತೀರಕ್ಕೆ ಹೋಗುವ ಅಂಕುಡೊಂಕು ದಾರಿಯುದ್ದಕ್ಕೂ ಜಯಂತನ ಕಣ್ಣು ರಸ್ತೆಗಿಂತ ಹೆಚ್ಚು ಕನ್ನಡಿಯ ಮೇಲೇ ಇತ್ತು. ಒಂದೊಂದು ತಿರುವಿನಲ್ಲೂ ಅಜ್ಜಿಯ ತೊಡೆಯ ಮೇಲಿದ್ದ ಮಾನ್ಯ ಬೆಲ್ಟಿಲ್ಲದೆ ಅತ್ತಿತ್ತ ವಾಲುತ್ತಿದ್ದಳು. ಇಂದಿರಮ್ಮ ಎರಡೂ ಕೈಯಿಂದ ಅವಳ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಿಂದಿನ ಸೀಟಿನಲ್ಲಿ ಅಂತ್ಯಾಕ್ಷರಿ ಶುರುವಾಗಿತ್ತು. ಎದುರಿಗೆ ಬಿಳಿ ಕಾರು ಕಂಡಾಗಲೆಲ್ಲ ಪೊಲೀಸರೇ ಇರಬೇಕೆಂದು ಅವನು ವೇಗ ತಗ್ಗಿಸುತ್ತಿದ್ದ. ಏನೂ ಆಗಲಿಲ್ಲ.

ಬೆತೆಲ್ಸ್ ಬೀಚಿನ ಹತ್ತಿರ ವ್ಯಾನು ನಿಲ್ಲಿಸಿ, ಪಾದ ಮುಳುಗುವಷ್ಟು ನೀರಿನ ತೊರೆಯಲ್ಲಿ ಇಪ್ಪತ್ತು ನಿಮಿಷ ನಡೆದರೆ ದಿಬ್ಬ. ಇಲ್ಲಿಯ ಮರಳು ಕಪ್ಪು. ಬಿಸಿಲೇರಿದರೆ ಕಾದ ಕಾವಲಿ. ಜಯಂತ ಹಲಗೆಗಳ ತಳಕ್ಕೆ ಮೇಣ ತಿಕ್ಕಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಹೇಳಿದ. ಬೋರಲು ಮಲಗಬೇಕು, ಮೊಣಕೈ ಮೇಲೆತ್ತಿರಬೇಕು, ನಿಲ್ಲಬೇಕೆಂದರೆ ಕಾಲ್ಬೆರಳು ಊರಬೇಕು, ಬಾಯಿ ಮಾತ್ರ ತೆರೆಯಲೇಬಾರದು. ನಮ್ಮವರಿಗೆ ಬಾಯಿ ಮುಚ್ಚಿಕೊಂಡಿರಿ ಎಂದರೆ ಆದೀತೇ? ವೆಂಕಟೇಶ್ ಮೊದಲ ಸಲವೇ 'ನೋಡ್ರೋ' ಎಂದು ಕೂಗುತ್ತಾ ಇಳಿದು ಒಂದು ಹಿಡಿ ಮರಳು ತಿಂದು ಎದ್ದರು.

ಮಧ್ಯಾಹ್ನ ಕಂಪನಿಯ ಸ್ಯಾಂಡ್‌ವಿಚ್ ಡಬ್ಬಿಯಲ್ಲೇ ಉಳಿಯಿತು. ಗೀತಾ ಪುಳಿಯೋಗರೆ, ಕೋಸಂಬರಿ, ಮೊಸರನ್ನ ತೆಗೆದರು. ಎಲ್ಲರಿಗಿಂತ ಮೊದಲು ತಟ್ಟೆ ಬಂದದ್ದು ಜಯಂತನಿಗೆ. "ಊಟ ಮಾಡಪ್ಪ, ಬೆಳಿಗ್ಗೆಯಿಂದ ಒಂದೇ ಸಮ ಹತ್ತಿ ಇಳೀತಿದೀಯ," ಎಂದು ಇಂದಿರಮ್ಮ ಎರಡನೇ ಸಲವೂ ಬಡಿಸಿದರು. ಪುಳಿಯೋಗರೆ ಚೆನ್ನಾಗಿಯೇ ಇತ್ತು, ಆದರೆ ವಾಪಸು ಹೋಗುವ ದಾರಿಯೂ ಅಷ್ಟೇ ಉದ್ದವಿದೆ ಎಂದೇ ಅವನ ತಲೆಯಲ್ಲಿ ಓಡುತ್ತಿತ್ತು.

ಊಟವಾದ ಮೇಲೆ ಅಜ್ಜಿ ಮೆಲ್ಲಗೆ ಅವನ ಹತ್ತಿರ ಬಂದರು.

"ನನ್ನೂ ಒಂದ್ ಸಲ ಬಿಡ್ತೀಯೇನಪ್ಪ?"

"ಅಮ್ಮಾ! ನಿನ್ನ ಮಂಡಿ!" ಎಂದು ಗೀತಾ ಕೂಗಿದರು.

"ನನ್ನ ಮಂಡಿ ಸಂಗತಿ ನಂಗೊತ್ತು ಸುಮ್ನಿರೆ. ಎಪ್ಪತ್ಮೂರು ವರ್ಷ ಎಲ್ರೂ ಆಡೋದು ನೋಡಿದ್ದೇ ಆಯ್ತು."

ಇಂದಿರಮ್ಮನ ಸಹಿ ಇರಲಿಲ್ಲ. ಅವರಿಗೆ ಹೆಲ್ಮೆಟ್ ತಂದಿರಲಿಲ್ಲ. ಆದರೆ ಆಗುವ ತಪ್ಪು ಬೆಳಿಗ್ಗೆಯೇ ಆಗಿಹೋಗಿದೆ, ಇನ್ನು ಈ ಒಂದನ್ನು ಇಲ್ಲ ಎಂದು ಯಾವ ಪುರುಷಾರ್ಥ ಎನಿಸಿತು ಅವನಿಗೆ. ದಿಬ್ಬದ ಅರ್ಧಕ್ಕೆ ಕೈ ಹಿಡಿದು ಹತ್ತಿಸಿ, ಉದ್ದದ ಹಲಗೆಯ ಮುಂದೆ ಅವರನ್ನು ಕೂರಿಸಿ, ಹಿಂದೆ ತಾನು ಕೂತು, ಎರಡೂ ಹಿಮ್ಮಡಿಯನ್ನು ಮರಳಿಗೆ ಊರಿ ಹಿಡಿದು ನಿಧಾನಕ್ಕೆ ಬಿಟ್ಟ. ಅಜ್ಜಿ 'ರಾಮ ರಾಮ ರಾಮ' ಎನ್ನುತ್ತಲೇ ಕೆಳಗಿಳಿದರು. ಕೆಳಗೆ ಬಂದ ಮೇಲೆ ಸೀರೆಯ ತುಂಬ ಕಪ್ಪು ಮರಳು ತುಂಬಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇನ್ನೊಂದ್ ಸಲ!" ಎಂದರು. ಮೂರು ಸಲ ಜಾರಿದರು. ಮೂರು ಮನೆಯವರೂ ಫೋನು ಹಿಡಿದು ವಿಡಿಯೋ ಮಾಡಿದರು. ಆ ಹೊತ್ತು ಐದು ನಿಮಿಷ, ನಿಜ ಹೇಳಬೇಕೆಂದರೆ, ಜಯಂತನೂ ವೀಸಾ ಮರೆತು ನಕ್ಕಿದ್ದ.

ಸಂಜೆ ಎಲ್ಲರನ್ನೂ ಸುರಕ್ಷಿತವಾಗಿ ಮನೆಯ ಮುಂದೆ ಇಳಿಸಿದ. ಒಬ್ಬರಿಗೂ ಒಂದು ತರಚು ಗಾಯವಿಲ್ಲ. ವ್ಯಾನು ತೊಳೆದು, ಮರಳು ಗುಡಿಸಿ, ಬೀಗದ ಕೈ ಗೂಟಕ್ಕೆ ಸಿಕ್ಕಿಸಿ ಮನೆಗೆ ಹೋಗಿ, "ಮುಗೀತು, ಇನ್ನು ಸೋಮವಾರ ಸಹಿ ಒಂದೇ," ಎಂದು ಸ್ಮೃತಿಗೆ ಹೇಳಿದ. ಅವಳು ದೇವರ ಮುಂದೆ ದೀಪ ಹಚ್ಚಿದಳು.

ಸೋಮವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಗ್ರೆಗ್‌ನ ಮೇಜಿನ ಮೇಲೆ ಕಾಗದಗಳು ಇದ್ದವು. ಸಹಿ ಮಾಡಬೇಕಾದ ಜಾಗದಲ್ಲಿ ಹಳದಿ ಚೀಟಿ ಕೂಡ ಅಂಟಿಸಿತ್ತು. ಅದರ ಮೇಲೆ ಗ್ರೆಗ್ ತನ್ನ ಫೋನು ಮಗುಚಿ ಇಟ್ಟಿದ್ದ.

"ಕೂತ್ಕೋ ಮೇಟ್," ಎಂದ ಗ್ರೆಗ್. ಫೋನು ತಿರುಗಿಸಿ ಜಯಂತನ ಮುಂದೆ ತಳ್ಳಿದ.

ಕಂಪನಿಯ ಪುಟದಲ್ಲಿ ಭಾನುವಾರ ಗೀತಾ ಬರೆದದ್ದು. ಐದಕ್ಕೆ ಐದು ನಕ್ಷತ್ರ. ಇಂಗ್ಲಿಷಿನಲ್ಲಿ, ಸೊಗಸಾಗಿ, ಮನಸಾರೆ ಬರೆದಿದ್ದರು: 'ನಮ್ಮ ತಾಯಿಯ ಹೆಸರು ಬುಕ್ಕಿಂಗಿನಲ್ಲೇ ಇರಲಿಲ್ಲ. ಬೇರೆ ಯಾರೇ ಆಗಿದ್ದರೂ ಬಿಟ್ಟು ಹೋಗುತ್ತಿದ್ದರು. ಜಯಂತ್ ಮಾತ್ರ ನಮ್ಮ ಪುಟ್ಟ ಮಗಳನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸಿ ಜಾಗ ಮಾಡಿಕೊಟ್ಟರು. ಎಪ್ಪತ್ಮೂರು ವರ್ಷದ ನಮ್ಮ ತಾಯಿ ಹೆಲ್ಮೆಟ್ಟೂ ಇಲ್ಲದೆ ಮೂರು ಸಲ ಜಾರಿದರು! ಇಂಥ ಮನುಷ್ಯನನ್ನು ಕಂಪನಿ ಗುರುತಿಸಿ ಬಡ್ತಿ ಕೊಡಬೇಕು.' ಕೆಳಗೆ ನಾಲ್ಕು ಫೋಟೋ. ಅದರ ಕೆಳಗೆ ಉಳಿದೆರಡು ಮನೆಯವರ ಹೊಗಳಿಕೆ, ಅವರದೂ ಐದೈದು ನಕ್ಷತ್ರ.

ಅಯ್ಯೋ, ಶತ್ರುವೊಬ್ಬ ಕೂತು ದೂರು ಬರೆದಿದ್ದರೂ ಇಷ್ಟು ಚೊಕ್ಕವಾಗಿ ಒಂದೊಂದು ತಪ್ಪನ್ನೂ ಬಿಡದೆ ಬರೆಯುತ್ತಿರಲಿಲ್ಲ.

"ಇದು ನಿಜಾನಾ?" ಎಂದು ಗ್ರೆಗ್ ಕೇಳಿದ.

"ನಿಜ."

ಗ್ರೆಗ್ ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ತನ್ನಲ್ಲಿ ಎಂಟು ಜನ ಕೆಲಸಕ್ಕಿದ್ದಾರೆ, ಲೈಸೆನ್ಸ್ ಕೊಡುವವರೂ ಇದನ್ನು ಓದುತ್ತಾರೆ, ತನಗೆ ಬೇರೆ ದಾರಿಯಿಲ್ಲ ಎಂದ. ಇವತ್ತೇ ಕೊನೆಯ ದಿನ ಎಂದ. ನೀನು ನನ್ನ ಅತ್ಯುತ್ತಮ ಗೈಡ್ ಎಂದೂ ಹೇಳಿದ, ಅದರಿಂದ ಯಾರಿಗೇನು ಬಂತು? ಹಳದಿ ಚೀಟಿಯನ್ನು ಕಿತ್ತು ಮುದ್ದೆ ಮಾಡಿ ಬುಟ್ಟಿಗೆ ಹಾಕಿದ. ಜಯಂತ ಎದ್ದು ಅವನ ಕೈ ಕುಲುಕಿ ಹೊರಗೆ ಬಂದ.

ಸಂಜೆ ಮನೆಯಲ್ಲಿ ಜಯಂತ ಮತ್ತು ಸ್ಮೃತಿ ಅಡುಗೆಮನೆಯ ಮೇಜಿಗೆ ಎದುರುಬದುರು ಕೂತಿದ್ದಾಗ ಫೋನು ಬಂತು. ಗೀತಾ. ಅವನು ಸ್ಪೀಕರಿಗೆ ಹಾಕಿದ.

"ಜಯಂತ್, ರಿವ್ಯೂ ನೋಡಿದ್ರಾ? ಬಾಸ್ ಏನಂದ್ರು? ನಮ್ಮ ಕನ್ನಡ ಗ್ರೂಪಲ್ಲೂ ಹಾಕಿದೀನಿ, ಎಲ್ರೂ ನಿಮ್ಮನ್ನೇ ಕೇಳ್ತಿದಾರೆ! ಮುಂದಿನ ತಿಂಗಳು ಇಪ್ಪತ್ತು ಜನ ಬರ್ತಾರಂತೆ, ನೀವೇ ಗೈಡ್ ಆಗ್ಬೇಕಂತೆ."

ಸ್ಮೃತಿ ಬಾಯಿ ತೆರೆದಳು. ಜಯಂತ ಬೇಡವೆಂದು ಕೈ ಅಡ್ಡ ಮಾಡಿದ.

"ನೋಡ್ದೆ ಮೇಡಂ. ತುಂಬಾ ಚೆನ್ನಾಗಿ ಬರ್ದಿದೀರ," ಎಂದ.

"ತಾಳಿ, ಅಮ್ಮ ಮಾತಾಡ್ಬೇಕಂತೆ."

"ಏನಪ್ಪಾ, ಚೆನ್ನಾಗಿದೀಯಾ?" ಇಂದಿರಮ್ಮನ ದನಿ. "ಗುರುವಾರ ನಾನು ಊರಿಗೆ ಹೊರಟೆ. ನಿಮ್ಮದೂ ಮೈಸೂರೇ ಅಂತಲ್ಲ, ನಿಮ್ಮಮ್ಮನ ವಿಳಾಸ ಕೊಡು. ನಾನೇ ಹೋಗಿ ಹೇಳ್ತೀನಿ, ಎಂಥಾ ಮಗನ್ನ ಹೆತ್ತಿದೀಯಮ್ಮ ಅಂತ. ಪರದೇಶದಲ್ಲಿ ಎಷ್ಟು ಚೆನ್ನಾಗಿ ನೆಲೆ ನಿಂತಿದಾನೆ ಅಂತ."

ಅವನು ವಿಳಾಸ ಹೇಳಿದ. ಕುವೆಂಪುನಗರ, ನಾಲ್ಕನೇ ಅಡ್ಡರಸ್ತೆ, ಅಕ್ಕನ ಮನೆ, ಕೆಳಗೆ ಜೆರಾಕ್ಸ್ ಅಂಗಡಿ ಇದೆ. ಅಜ್ಜಿ ಬರೆದುಕೊಳ್ಳುವವರೆಗೂ ಕಾದು, ಮತ್ತೊಮ್ಮೆ ನಿಧಾನವಾಗಿ ಹೇಳಿ, ಹುಷಾರಾಗಿ ಹೋಗಿಬನ್ನಿ ಅಮ್ಮ ಎಂದು ಫೋನು ಇಟ್ಟ.

"ನಿಜ ಹೇಳೋದಲ್ವೇನ್ರಿ?" ಎಂದಳು ಸ್ಮೃತಿ. "ಅದನ್ನ ತೆಗೀರಿ ಅಂತಾದ್ರೂ ಹೇಳ್ಬಹುದಿತ್ತು."

"ತೆಗೆದ್ರೆ ಗ್ರೆಗ್ ಓದಿದ್ದು ಹೋಗುತ್ತಾ? ಆ ಅಜ್ಜಿಗೆ ಗೊತ್ತಾದ್ರೆ ಪ್ರಾಣ ಇರೋವರ್ಗೂ ಕೊರಗ್ತಾರೆ. ನಮ್ಮದಂತೂ ಮುಗೀತು. ಅವ್ರಾದ್ರೂ ಖುಷಿಯಾಗಿರ್ಲಿ."

ಸ್ಮೃತಿಗೆ ಆ ಅಜ್ಜಿಯ ಖುಷಿಯ ಮೇಲೆ ಕೆಟ್ಟ ಸಿಟ್ಟು ಬಂತು. ಆದರೆ ಆಡಿ ಪ್ರಯೋಜನವಿರಲಿಲ್ಲ. ಮೂವತ್ತನಾಲ್ಕು ದಿನದಲ್ಲಿ ಯಾರು ಕೆಲಸ ಕೊಟ್ಟು ಕಾಗದ ಮಾಡಿಸಿಕೊಡುತ್ತಾರೆ? ಕಳೆದ ಸಲ ಒಂದು ಕೆಲಸಕ್ಕೆ ಒಂಬತ್ತು ತಿಂಗಳು ಹಿಡಿದಿತ್ತು. ಇಬ್ಬರಿಗೂ ಅದು ಗೊತ್ತಿತ್ತು.

"ಸ್ಕೂಲಿಗೆ ಯಾವತ್ತು ಹೇಳೋಣ?" ಎಂದಳು ಕೊನೆಗೆ.

ಬಾಗಿಲಲ್ಲಿ ಪೂರ್ವಿ ನಿಂತಿದ್ದಳು. ಎಂಟು ವರ್ಷದ ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷು. "ವಾಟ್ ಆರ್ ವಿ ಟೆಲ್ಲಿಂಗ್ ದ ಸ್ಕೂಲ್?" ಎಂದು ಕೇಳಿದಳು.