ಪಡುವಲ ಕಡೆಯ ಬಾವಿ

ನನ್ನ ಅತ್ತೆ ಉರುಕುಂದಮ್ಮನ ತಲೆ ಬಾಚುವ ಕೆಲಸ ಇಪ್ಪತ್ತೆರಡು ವರ್ಷದಿಂದ ನನ್ನದು. ಆಲೂರಿನ ಈ ಮನೆಗೆ ಹಿರಿಸೊಸೆಯಾಗಿ ಬಂದ ವಾರದಲ್ಲೇ ಹಣಿಗೆ ನನ್ನ ಕೈಗೆ ಬಂತು. ಬಾಚುವಾಗ ಅತ್ತೆ ತವರಿನ ಕತೆ ಹೇಳುತ್ತಿದ್ದರು. ಮಾಧವರಂ ಆಚೆ ಹೊಳೆದಂಡೆಯ ಊರು. ಅವರಿಗೆ ಆರು ವರ್ಷವಿದ್ದಾಗ ಹೊಳೆ ನುಗ್ಗಿ, ಊರಿಗೆ ಊರೇ ಎತ್ತರದ ಜಾಗಕ್ಕೆ ಎದ್ದುಹೋಯಿತು. ಹಿಂದೆ ಉಳಿದದ್ದು ಹನುಮಪ್ಪನ ಗುಡಿ, ಗುಡಿಯ ಪಡುವಲಕ್ಕೆ ಅವರ ತಾತ ತೋಡಿಸಿದ ಮೆಟ್ಟಿಲು ಬಾವಿ. ಮೊದಲ ಮೆಟ್ಟಿಲ ಕಲ್ಲಿನ ಮೇಲೆ ತಾತನ ಹೆಸರು ಕೆತ್ತಿದೆಯಂತೆ. ಆ ಹೆಸರೇನೆಂದು ಅತ್ತೆಗೆ ಗೊತ್ತಿಲ್ಲ. ಅವರ ಪಾಲಿಗೆ ಆತ ಬರೀ ತಾತ. ಹಳೆ ಊರಿನ ಜಾಗ ತೋರಿಸುವವರು ಯಾರೂ ಉಳಿದಿಲ್ಲ, ಆದರೂ ಸಾಯುವುದರೊಳಗೆ ಆ ಕಲ್ಲು ಒಮ್ಮೆ ಮುಟ್ಟಬೇಕು ಎನ್ನುತ್ತಿದ್ದರು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೂ ಇಷ್ಟೆಲ್ಲ ಹೇಳಿರಲಿಲ್ಲ. ಅದು ನನ್ನೊಬ್ಬಳ ಆಸ್ತಿ ಎಂದೇ ತಿಳಿದಿದ್ದೆ.

ಹೋದ ವರ್ಷ ನನ್ನ ಮೈದುನ ತಿರುಪತಿಯ ಮದುವೆ ಚಂದನಾಳ ಜೊತೆ ಆಯಿತು. ಊರಿನ ಸರಕಾರಿ ಕಚೇರಿ, ಗ್ರಾಮ ಸಚಿವಾಲಯದಲ್ಲಿ ಹೊಲ ಅಳೆಯುವ ಸರ್ವೇಯರ್ ಆಕೆ. ಮನೆಗೆ ಬಂದವಳೇ ವಂಶವೃಕ್ಷ ಬರೆಯುತ್ತೇನೆಂದು ಕೂತಳು. ಅತ್ತೆಯ ತಾತನ ಜಾಗ ಖಾಲಿ ಉಳಿಯಿತು. ಆಗ ಬ್ರಿಟಿಷರ ಕಾಲದ ನಕ್ಷೆಯೊಂದನ್ನು ಆನ್‌ಲೈನಿನಲ್ಲಿ ಹುಡುಕಿ ತೆಗೆದು, ಅದನ್ನು ಅಡಿಯದು ಕಾಣುವಷ್ಟು ತೆಳ್ಳಗೆ ಮಾಡಿ ಫೋನಿನಲ್ಲಿ ಈಗಿನ ನಕ್ಷೆಯ ಮೇಲೆ ಹೊದಿಸಿದಳು. ಹೊಳೆಯ ಮೇಲೆ ಹೊಳೆ ಕೂತಿತು, ಮಾಧವರಂ ಮೇಲೆ ಮಾಧವರಂ. ಈಗ ಬರೀ ಜಾಲಿ ಕಾಣುವ ಕಡೆ ಹಳೆ ನಕ್ಷೆಯಲ್ಲೊಂದು ಊರಿತ್ತು. ಅತ್ತೆಯ ಊರು.

ಕಣ್ಣಿಗೆ ಪೊರೆ ಬಂದಿದ್ದ ಅತ್ತೆಗೆ ಆ ಪರದೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೂ ದಿನಾ ಅದರ ಮುಂದೆ ಕೂರತೊಡಗಿದರು. ನನ್ನ ತವರು ಹುಡುಕಿ ಕೊಟ್ಟಾಕಿ ಈಕಿ ಎಂದು ಓಣಿಯವರಿಗೆಲ್ಲ ಹೇಳಿಕೊಂಡರು. ನಾನು ಅಲ್ಲೇ ಹಣಿಗೆ ಹಿಡಿದು ನಿಂತಿದ್ದೆ. ಇಪ್ಪತ್ತೆರಡು ವರ್ಷ ಕಿವಿಗೊಟ್ಟವಳು ನಾನು. ಎರಡು ಬೆರಳಲ್ಲಿ ಪರದೆ ಹಿಗ್ಗಿಸಿದವಳಿಗೆ ಹೆಸರು. ಹೊಟ್ಟೆ ಉರಿಯಿತು. ಮುಚ್ಚಿಡುವುದೇನಿದೆ?

ಅತ್ತೆ ಕಣ್ಣಿನ ಆಪರೇಷನ್ನಿಗೆ ಆದೋನಿಗೆ ಹೋಗಿ, ಅಲ್ಲೇ ಮಗಳ ಮನೆಯಲ್ಲಿ ಹದಿನೈದು ದಿನ ಉಳಿದರು. ಅವರು ಬರುವಷ್ಟರಲ್ಲಿ ಬಾವಿಯ ಜಾಗ ಗುರುತು ಮಾಡಿಟ್ಟು, ಹೇಳದೆ ಕೇಳದೆ ಕರೆದೊಯ್ದು ತೋರಿಸಬೇಕೆಂಬುದು ಚಂದನಾಳ ಹಂಚಿಕೆ. ಆದರೆ ಹಳೆ ನಕ್ಷೆಯಲ್ಲಿ ಗುಡಿಯ ಎರಡೂ ಬದಿಗೆ ಒಂದೊಂದು ಬಾವಿ ಇತ್ತು. ಅಡುಗೆಮನೆಗೆ ಬಂದು ನನ್ನನ್ನು ಕೇಳಿದಳು.

"ಅಕ್ಕ, ತಾತನ ಬಾವಿ ಗುಡಿಗೆ ಯಾವ ಕಡಿ ಅಂತ ಅತ್ತಿ ಏನರ ಹೇಳ್ಯಾರೇನು?"

ನಾನು ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ಮೂಡಲ ಕಡಿ," ಎಂದೆ.

ಎಲ್ಲರೆದುರು ಆಕೆ ಒಮ್ಮೆ ತಪ್ಪಲಿ, ಆಮೇಲೆ ಸರಿಯಾದ ಜಾಗ ನಾನು ತೋರಿಸುತ್ತೇನೆ ಎಂಬುದು ನನ್ನ ಎಣಿಕೆ. ಅತ್ತೆ ಹೇಳಿದ್ದು ಪಡುವಲವೋ ಮೂಡಲವೋ, ನೆನಪು ಕೈಕೊಟ್ಟಿತು ಎಂದರೆ ಮುಗಿಯಿತು.

ಅತ್ತೆ ಮರಳಿದ ಮೇಲೆ ಒಂದು ಭಾನುವಾರ ಅತ್ತೆ, ತಿರುಪತಿ, ಚಂದನಾ, ನಾನು ನಾಲ್ವರೂ ಹೋದೆವು. ಗುಡಿಯ ಕಟ್ಟೆ ಮಾತ್ರ ಉಳಿದಿತ್ತು. ಚಂದನಾ ಫೋನ್ ನೋಡುತ್ತ ಮೂಡಲಕ್ಕೆ ನಡೆದಳು, ತಿರುಪತಿ ಮುಂದೆ ಮುಂದೆ ಜಾಲಿ ಕಡಿದ. ಬಾವಿಯೇನೋ ಸಿಕ್ಕಿತು. ಬಾಯಿಮಟ್ಟ ಮಣ್ಣು ತುಂಬಿತ್ತು. ಮೆಟ್ಟಿಲೂ ಇಲ್ಲ, ಹೆಸರಿನ ಕಲ್ಲೂ ಇಲ್ಲ. ಅತ್ತೆ ಅದನ್ನೇ ನೋಡುತ್ತ ಕುಸಿದು ಕೂತರು. ಹೊಸ ಕಣ್ಣಿನಲ್ಲಿ ನೀರು ತುಂಬಿಕೊಂಡಿತು. ಚಂದನಾಳ ಮುಖ ಸಣ್ಣದಾಯಿತು. ನಾನು ಬಾಯಿ ತೆರೆಯಬೇಕಾದದ್ದು ಈಗ. ಆದರೆ ಅತ್ತೆಯ ಆ ಮುಖ ನೋಡಿ, ಅವರ ಸೆರಗಿಗೆ ಹತ್ತಿದ ಜಾಲಿ ಮುಳ್ಳು ಬಿಡಿಸುತ್ತ ಕೂತೆ.

ಅತ್ತೆ ತಲೆಯೆತ್ತಿ ಸೂರ್ಯನನ್ನು ನೋಡಿ ದಿಕ್ಕು ಹಿಡಿದು, ತಾವೇ ಎದ್ದರು. ಕಟ್ಟೆ ಸುತ್ತು ಹಾಕಿ ಪಡುವಲಕ್ಕೆ ನಡೆದು, ಕೋಲಿನಿಂದ ಜಾಲಿ ಸರಿಸಿದರು. ಮೆಟ್ಟಿಲು ಕಂಡವು. ಚಂದನಾ ಬಾಟಲಿಯ ನೀರು ಸುರಿದು ಮೊದಲ ಕಲ್ಲು ಉಜ್ಜಿ, ಅಕ್ಷರ ಕೂಡಿಸಿ ಓದಿದಳು. ಹುಲಿಗೆಪ್ಪ. ಅತ್ತೆ ಅದರ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ.

"ಮೂಡಲ ಕಡಿ ಅಂದಿದ್ರಲ್ಲ ಅಕ್ಕ?" ಚಂದನಾ ಮೆಲ್ಲಗೆ ಕೇಳಿದಳು.

ನಾನು ಉತ್ತರ ಕೊಡುವ ಮೊದಲೇ ಅತ್ತೆ ಹೇಳಿದರು. "ಆಕಿದೇನೂ ತಪ್ಪಿಲ್ಲವ್ವ. ನಾನ ತಪ್ಪಿ ಹೇಳಿದ್ದೆ."

ಹೇಳುವಾಗ ನನ್ನನ್ನೇ ನೋಡುತ್ತಿದ್ದರು. ಅವರು ಒಂದು ಸಲವೂ ತಪ್ಪಿ ಹೇಳಿರಲಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಮರುದಿನ ಬೆಳಿಗ್ಗೆ ಎಣ್ಣೆ ಬಿಸಿ ಮಾಡಿಕೊಂಡು ಗೂಡಿಗೆ ಕೈಹಾಕಿದರೆ ಹಣಿಗೆ ಇರಲಿಲ್ಲ. ಪಡಸಾಲೆಗೆ ಬಂದೆ. ಅತ್ತೆ ಹೊಸ್ತಿಲ ಬಳಿ ಕೂತಿದ್ದರು, ಬೆನ್ನ ಹಿಂದೆ ಚಂದನಾ ಕೂದಲ ಸಿಕ್ಕು ಬಿಡಿಸುತ್ತಿದ್ದಳು. ತಮ್ಮವ್ವ ಆ ಊರಿಗೆ ಮದುವೆಯಾಗಿ ಬಂದ ದಿನದ ಕತೆಯನ್ನು ಅತ್ತೆ ಹೇಳುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ನಾನು ಕೇಳದ ಕತೆ. ನನ್ನನ್ನು ಕಂಡು ಮಾತು ನಿಲ್ಲಿಸಿದರು.

"ಎಣ್ಣಿ ಅಲ್ಲೇ ಇಟ್ಟು ಹೋಗು, ಶಿವಲಕ್ಷ್ಮಿ," ಎಂದರು.