ಸಿಗಾರ್ ಲೌಂಜಿನ ಹೊಗೆ

ಮಗ್ಗದ ಮೇಲೆ ಅರ್ಧ ನೇಯ್ದಿದ್ದ ಸೀರೆಗೆ ಹೊಗೆಯ ವಾಸನೆ! ಸತ್ತೇಗಾಲದವರು ಮಗಳ ಧಾರೆಗೆಂದು ಮನೆಗೇ ಬಂದು ಹೇಳಿಹೋದ ಸೀರೆ ಅದು. ಹೀಗೆ ಕೊಟ್ಟರೆ ಮುಖಕ್ಕೆ ಎಸೆದು ಹೋಗುತ್ತಾರೆ ಎಂದುಕೊಂಡಳು ರುದ್ರಾಣಿ. ಗಂಡ ದೇವಣ್ಣನ ಕಡೆ ತಿರುಗಿದಳು. ಮೂರು ವರ್ಷದ ಹಿಂದೆ ಮಾದಪ್ಪನ ಬೆಟ್ಟದಲ್ಲಿ ಆಣೆ ಮಾಡಿ ಬೀಡಿ ಬಿಟ್ಟಿದ್ದ ಆಸಾಮಿ.

"ಸೇದಿದ್ರಾ?"

"ಮಾದಪ್ನಾಣೆಗೂ ಇಲ್ಲ ಕಣಮ್ಮಿ."

ಹಾಗಾದರೆ ಎಲ್ಲಿಂದ? ಅವಳ ಮೂಗು ಸುಮ್ಮನಿರುವಂಥದ್ದಲ್ಲ. ಅವನ ಅಂಗಿ, ದಿಂಬು, ಕೊನೆಗೆ ಅಕ್ಕಿ ಡಬ್ಬವನ್ನೂ ಮೂಸಿದಳು. ಕಿಟಕಿಯ ಹತ್ತಿರ ಮಾತ್ರ ಘಾಟು. ಒಂದು ರೇಷ್ಮೆ ಎಳೆಯನ್ನು ಅಲ್ಲಿ ಹಿಡಿದು ನಿಂತಳು. ಪಕ್ಕದ ಹೊಸ ಲಾಡ್ಜಿನ ಎಕ್ಸಾಸ್ಟ್ ಫ್ಯಾನ್ ಗುರ್ರೆಂದಿತು, ಎಳೆ ಒಳಕ್ಕೆ ಹಾರಿತು. ಕಳ್ಳ ಸಿಕ್ಕಿಬಿದ್ದಿದ್ದ.

ಮರುದಿನವೇ ಹೆಲ್ತ್ ಇನ್ಸ್‌ಪೆಕ್ಟರ್ ಭವ್ಯಳನ್ನು ಕರೆತಂದಳು. ಲಾಡ್ಜಿನ ಸಿಗಾರ್ ಲೌಂಜ್ ನೋಡುವ ಆಸೆಗೆ ತಾನೂ ಹಿಂದೆಯೇ ನುಗ್ಗಿದಳು. ಮೆತ್ತನೆ ಸೋಫಾ, ಹೆಬ್ಬೆರಳಿಗಿಂತ ದಪ್ಪ ಸಿಗಾರು. ಇಷ್ಟು ದಪ್ಪದ್ದನ್ನು ಬಾಯಿಗೆ ಹೇಗಾದರೂ ತುರುಕುತ್ತಾರೋ! ಭವ್ಯ ಒಂದೊಂದೇ ಪರೀಕ್ಷಿಸಿದಳು. ಮೂವತ್ತಕ್ಕಿಂತ ಹೆಚ್ಚು ರೂಮಿನ ಲಾಡ್ಜು, ನಾಲ್ಕು ಗೋಡೆ, ತಾನಾಗಿ ಮುಚ್ಚುವ ಬಾಗಿಲು.

"ಇಷ್ಟು ರೂಮಿದ್ರೆ ಸೇದೋಕೆ ಬೇರೆ ಕೋಣೆ ಇಡಬಹುದು, ಕಾನೂನು ಪ್ರಕಾರ ಎಲ್ಲ ಸರಿಯಾಗಿದೆ ಅಕ್ಕ. ಹೊಗೆ ಹೊರಗೇ ಹೋಗ್ತಿದೆ."

"ಆ ಒರಗೆ ಅನ್ನೋದೇ ನಮ್ಮನೆ ಕಣ್ರಿ ಮೇಡಂ!"

ಭವ್ಯ ಮಗ್ಗದ ಮನೆಗೆ ಬಂದು ಎಳೆ ಹಾರುವುದನ್ನು ಕಣ್ಣಾರೆ ಕಂಡಳು. ಹೊಗೆಯ ಪೈಪನ್ನು ಮಾಳಿಗೆಯಿಂದ ಮೇಲಕ್ಕೆ ಏರಿಸಲು ಲಾಡ್ಜಿನವರಿಗೆ ನೋಟಿಸ್ ಕೊಡುತ್ತೇನೆ, ಮನೆ ಯಜಮಾನರ ಸಹಿ ಇರುವ ದೂರು ಬೇಕು ಎಂದಳು. ನೇಯ್ದಷ್ಟನ್ನು ಗಾಳಿಗೆ ಆರಿಸಿದರೆ ಸೀರೆ ಉಳಿಯುತ್ತದೆ ಎಂದು ರುದ್ರಾಣಿಗೆ ಜೀವ ಬಂತು. ದೇವಣ್ಣ ಮಾತ್ರ ಪೆನ್ನು ಮುಟ್ಟಲಿಲ್ಲ.

"ಯಾಕ್ ಸುಮ್ನೆ ಅಕ್ಕಪಕ್ಕದೋರ್ ಕೂಡೆ ನಿಷ್ಠೂರ? ಕಿಟ್ಕಿ ಮುಚ್ಕಂಡ್ರಾಯ್ತು."

"ತಿಂಗ್ಳಿಂದ ನಾನ್ ಧೂಳ್ಗೆ ಅಂತ ಮುಚ್ಚಿದ್ ಕಿಟ್ಕೀನ, ಬೆಳ್ಕಿಲ್ಲ ಅಂತ ದಿನಾ ತೆಗ್ದೋರ್ ಯಾರು?"

ದೇವಣ್ಣ ತಲೆ ತಗ್ಗಿಸಿದ. "ಸೇದಲ್ಲ ಅಂತ ಆಣೆ ಮಾಡಿದ್ದು ಕಣಮ್ಮಿ. ತಾನಾಗೇ ಬರೋ ವಾಸ್ನೆಗೆ ನಾನೇನ್ ಮಾಡ್ಲಿ?"

ರುದ್ರಾಣಿಗೆ ಮೈಯೆಲ್ಲ ಉರಿಯಿತು. ಸೀರೆ ಹಾಳಾಗುವುದು ಗೊತ್ತಿದ್ದೂ! ಆದರೆ ಮೂರು ವರ್ಷ ಈ ಮನುಷ್ಯ ಬೀಡಿ ಅಂಗಡಿಯ ಮುಂದೆ ತಲೆ ಬಗ್ಗಿಸಿ ನಡೆದದ್ದು ನೆನಪಾಗಿ ಅಯ್ಯೋ ಅನ್ನಿಸಿತು. ಅಷ್ಟರಲ್ಲಿ ಫ್ಯಾನ್ ಮತ್ತೆ ಗುರ್ರೆಂದಿತು. ದೇವಣ್ಣ ಕಣ್ಣು ಮುಚ್ಚಿ ಎದೆ ತುಂಬ ಉಸಿರೆಳೆದುಕೊಂಡ.

ಅವನು ಆ ಉಸಿರು ಬಿಡುವವರೆಗೂ ಕಾದು, ರುದ್ರಾಣಿ ಅವನ ಕೈಗೆ ಪೆನ್ನು ಕೊಟ್ಟಳು.