ಶುಕ್ರವಾರ ಹೊರಟ ಕಾರು

ನನ್ನ ಗಂಡ ಓಬಳೇಶ್ ಅವರದು ಹೊನ್ನಾಳಿಯಲ್ಲಿ ಗ್ಯಾರೇಜು. ಮನೆಗೆ ಅಂಟಿಕೊಂಡೇ ಒಂದು ಶೆಡ್ಡು, ಆ ಶೆಡ್ಡಿನಲ್ಲಿ ಎಷ್ಟೋ ವರ್ಷದಿಂದ ಆ ಕೆಂಪು ಕಾರು. ಜಗಳೂರಿನ ಗುಜರಿಯಲ್ಲಿ ಬಿದ್ದಿದ್ದನ್ನು ತಂದಿದ್ದು. ಎರಡೇ ಸೀಟು, ಮೇಲೆ ಸೂರಿಲ್ಲ. ಯಾವ ಕಾಲದಲ್ಲೋ ರೇಸಿಗೆ ಓಡಿಸುತ್ತಿದ್ದರಂತೆ. ತಗಡು ತಟ್ಟಿ, ಇಂಜಿನ್ ಬಿಚ್ಚಿ ಕೂಡಿಸಿ, ಬಣ್ಣ ಹೊಡೆದು, ಕೆರೆದು, ಮತ್ತೆ ಹೊಡೆದು... ಅಯ್ಯೋ, ನೋಡಿ ನೋಡಿ ಸಾಕಾಗಿಹೋಗಿತ್ತು. ನಾನೋ ಅಡುಗೆಮನೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು, ರವಿಕೆಗೆಲ್ಲ ಒಗ್ಗರಣೆ ವಾಸನೆ ಅಂತ ಕಂಡವರಿಂದ ಅನ್ನಿಸಿಕೊಳ್ಳುತ್ತಿದ್ದೆ. ಕಾರು ಹೋದರೆ ಶೆಡ್ಡು ನನಗೆ ಅಂತ ಮಾತಾಗಿತ್ತು.

ಕೊನೆಗೂ ಮಾರಾಟಕ್ಕೆ ಅಂತ ಫೋನಿನಲ್ಲಿ ಅದರ ಫೋಟೋ ಹಾಕಿದರು. ಹಳೇ ಕಾರು ಕೂಡಿಡುವ ಹುಚ್ಚಿನವರು ನಾಲ್ಕಾರು ಮಂದಿ ವಿಚಾರಿಸಿದರು. ಮೈಸೂರಿನ ಗುರುಸ್ವಾಮಿ ಎನ್ನುವವರು ಒಪ್ಪಿದರು. ಶುಕ್ರವಾರ ಬಂದು ಒಯ್ಯುತ್ತಾರೆ ಅಂತಾಯಿತು.

ಶುಕ್ರವಾರ! ಶುಕ್ರವಾರ ಮನೆಯಿಂದ ಏನಾದರೂ ಆಚೆ ಕೊಟ್ಟರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ನನ್ನ ಅತ್ತೆ ಉಚ್ಚಂಗೆಮ್ಮ ಹಿಡಿ ಉಪ್ಪನ್ನೂ ಕೊಡುವವರಲ್ಲ. ಹೆತ್ತ ತಾಯಿಯ ಪದ್ಧತಿ ಈ ಮನುಷ್ಯನಿಗೆ ಗೊತ್ತಿಲ್ಲವಾ ಅಂತ ಹಲ್ಲು ಕಡಿದೆ. ಗುರುವಾರ ಇವರು ಚನ್ನಗಿರಿಗೆ ತಂಗಿ ಮನೆಗೆ ಹೋಗಿದ್ದರು. ನಾನೇ ಎದುರಿನ ಅಕ್ಕಿ ಗಿರಣಿಯ ಕಲ್ಲೇಶಪ್ಪನವರನ್ನು ಕೇಳಿಕೊಂಡು, ಅವರ ಹಮಾಲರಿಂದ ಕಾರು ತಳ್ಳಿಸಿ ಗಿರಣಿ ಅಂಗಳದಲ್ಲಿ ನಿಲ್ಲಿಸಿದೆ. ಕೀಲಿಯನ್ನೂ ಅವರ ಕೈಗೇ ಕೊಟ್ಟೆ. ಗುರುವಾರವೇ ಮನೆ ದಾಟಿದ ಮೇಲೆ ಇನ್ನೇನು ದೋಷ?

“ಹಂಗಾದ್ರೆ ಅಡ್ಡಿ ಇಲ್ಲ ಬಿಡವ್ವ,” ಎಂದರು ಅತ್ತೆ.

ಶುಕ್ರವಾರ ಬೆಳಿಗ್ಗೆ ಗುರುಸ್ವಾಮಿ ಲಾರಿ ತಂದರು. ಅದೇ ಹೊತ್ತಿಗೆ ಇವರೂ ಬಸ್ಸಿಳಿದು ಬಂದರು. ಖಾಲಿ ಶೆಡ್ಡು ನೋಡಿ ಇವರ ಮುಖ ಬಿಳಚಿಕೊಂಡಿತು.

“ಗಾಡಿ ಎಲ್ಲೈತೆ?”

“ಗಿರಣಿಯಾಗೆ ಐತೆ. ನಿಮಗಂತೂ ವಾರದ ನೆನಪಿಲ್ಲ. ನಿನ್ನೇನೇ ಅತ್ತೆನ್ನ ಒಪ್ಪಿಸಿ ಆಚೆ ಇಡ್ಸೀನಿ.”

ಗುರುಸ್ವಾಮಿ ನಕ್ಕರು. “ನೆನಪಿಲ್ಲದೆ ಏನಮ್ಮಾ? ನಾನು ಬುಧವಾರ ಬರ್ತೀನಿ ಅಂದೆ. ಇಲ್ಲ, ಶುಕ್ರವಾರವೇ ಬನ್ನಿ ಅಂತ ಪಟ್ಟು ಹಿಡಿದಿದ್ದು ಇವರೇ.”

ಆಗ ನನಗೆ ಅರ್ಥವಾಯಿತು. ತಾಯಿ ತಡೆಯುತ್ತಾರೆ ಅಂತಲೇ ಆ ದಿನ ಆರಿಸಿದ್ದರು. ಕೊಡುವುದಿಲ್ಲ ಅನ್ನುವ ಕೆಲಸ ಅವರ ತಲೆಗೆ ಕಟ್ಟಿ, ತಾವು ಸುಮ್ಮನೆ ನಿಲ್ಲುವ ಉಪಾಯ. ಸಿಟ್ಟು ನೆತ್ತಿಗೇರಿತು. ಆದರೆ ಹೊರಗಿನವರ ಎದುರು ಏನು ಬೈಯಲಿ?

ಇವರು ಗಿರಣಿಗೆ ನಡೆದು ಕಲ್ಲೇಶಪ್ಪನವರಿಂದ ಕೀಲಿ ಇಸಿದುಕೊಂಡರು. ತಾವೇ ಕಾರನ್ನು ಲಾರಿಗೆ ಹತ್ತಿಸಿ, ಹಗ್ಗ ಬಿಗಿದು, ಕೀಲಿ ಕೊಟ್ಟರು. ಲಾರಿ ಸೇತುವೆ ಕಡೆ ತಿರುಗುವವರೆಗೂ ರಸ್ತೆಯಲ್ಲೇ ನಿಂತಿದ್ದರು. ಆಮೇಲೆ ಬಂದು ಕಟ್ಟೆಯ ಮೇಲೆ ಕೂತರು. ನೋಡಿ ಪಾಪ ಅನ್ನಿಸಿತು, ಆದರೂ ನಾನು ಬಿಡಲಿಲ್ಲ.

“ಕೊಡಾಕೆ ಮನಸ್ಸಿಲ್ಲ ಅಂದ್ರೆ ನನ್ನ ಹತ್ರ ಬಾಯಿಬಿಟ್ಟು ಹೇಳಾಕೆ ಏನಾಗಿತ್ತ್ರೀ?”

ಅವರು ಖಾಲಿ ಶೆಡ್ಡಿನ ಕಡೆ ನೋಡುತ್ತಾ ಕೇಳಿದರು.

“ಹೇಳಿದ್ರೆ ಇರಲಿ ಬಿಡ್ರಿ ಅಂತಿದ್ಯಾ?”

ಅನ್ನುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.